ದಟ್ಟಿ, ಮೊಳ ಮತ್ತು ಕರೆಂಟ್ ಬಿಲ್ಲು: ಓಪನ್‌ಬಿಎಸ್‌ಡಿಯ 2014ರ ಪ್ರಕರಣ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಪುಕ್ಕಟೆ ಸಿಕ್ಕಿದ್ದರಲ್ಲೂ ಹುಳುಕು ಹುಡುಕುವವರನ್ನು ನಮ್ಮಲ್ಲಿ ಹೀಗೆ ಆಡಿಕೊಳ್ಳುತ್ತಾರೆ. ಬಟ್ಟೆಯ ಮಟ್ಟಿಗೆ ಗಾದೆ ಸರಿ. ಕಂಪ್ಯೂಟರಿನ ಮಟ್ಟಿಗೆ ನನಗೆ ಇದರ ಮೇಲೆ ತಕರಾರಿದೆ. ಯಾರಾದರೂ ಸರ್ವರ್ ದಾನ ಕೊಡುತ್ತೇನೆ ಅಂದರೆ ಮೊಳ ಹಾಕಲೇಬೇಕು, ಅದೂ ಕೊಟ್ಟವರ ಎದುರಿಗೇ.

ಹೋದ ವರ್ಷ ನಮ್ಮ ಆಫೀಸಿನಲ್ಲಿ ಎರಡು ಹಳೇ ರ‍್ಯಾಕ್ ಸರ್ವರ್‌ಗಳನ್ನು ಗುಜರಿಗೆ ಹಾಕುವ ಮಾತು ಬಂತು. ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಂದು, "ಸರ್, ಇವನ್ನ ಯಾವುದಾದ್ರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೊಟ್ಟುಬಿಡೋಣ ಅಲ್ವಾ? ಬಿಲ್ಡ್ ಮಾಡ್ಕೋತಾರೆ, ಟೆಸ್ಟ್ ಮಾಡ್ಕೋತಾರೆ. ಸುಮ್ನೆ ಯಾಕೆ ತೂಕಕ್ಕೆ ಹಾಕೋದು?" ಎಂದ. ಓಪನ್ ಸೋರ್ಸ್ ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ. ಒಳ್ಳೆಯ ಮನಸ್ಸು. ನನಗೆ ಮಾತ್ರ ತಕ್ಷಣ ನೆನಪಾದದ್ದು 2014ರ ಜನವರಿಯಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಪ್ರಸಂಗ. ಟೀ ಕುಡಿಯುತ್ತಾ ಅವನಿಗೆ ಅರ್ಧ ಹೇಳಿದ್ದೆ. ಪೂರ್ತಿ ಇಲ್ಲಿದೆ.

ಕ್ಯಾಲ್ಗರಿಯ ಬೇಸ್‌ಮೆಂಟು

ಓಪನ್‌ಬಿಎಸ್‌ಡಿಯ ಹೆಸರು ಕೇಳದವರೂ ಅದರ ಮನೆಯ ಅನ್ನ ಉಂಡಿರುತ್ತಾರೆ. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಬೆಳಗ್ಗೆ ಬಂದು ಕೂತವರು ದೂರದ ಸರ್ವರಿಗೆ ಲಾಗಿನ್ ಆಗಲು 'ಎಸ್‌ಎಸ್‌ಎಚ್' ಎಂದು ಟೈಪ್ ಮಾಡುತ್ತಾರಲ್ಲ, ಆಗ ಓಡುವುದು ಬಹುತೇಕ ಓಪನ್‌ಎಸ್‌ಎಸ್‌ಎಚ್. ಅದನ್ನು 1999ರಲ್ಲಿ ಹುಟ್ಟುಹಾಕಿದ್ದು ಓಪನ್‌ಬಿಎಸ್‌ಡಿ ತಂಡ. ಇವತ್ತಿಗೂ ನೋಡಿಕೊಳ್ಳುತ್ತಿರುವುದು ಅವರೇ. ಲಿನಕ್ಸ್, ಮ್ಯಾಕ್, ಈಗ ವಿಂಡೋಸ್ ಕೂಡ ಅದನ್ನೇ ಬಳಸುತ್ತವೆ.

ಓಪನ್‌ಬಿಎಸ್‌ಡಿ ಒಂದು ಆಪರೇಟಿಂಗ್ ಸಿಸ್ಟಮ್. 1995ರಲ್ಲಿ ಥಿಯೊ ಡಿ ರಾಟ್ ಎಂಬಾತ ಇಂಥದ್ದೇ ಇನ್ನೊಂದು ಸಿಸ್ಟಮ್ ಆದ ನೆಟ್‌ಬಿಎಸ್‌ಡಿಯಿಂದ ಬೇರೆಯಾಗಿ ಇದನ್ನು ಶುರು ಮಾಡಿದ. ಭದ್ರತೆಯ ವಿಷಯದಲ್ಲಿ ಮಡಿವಂತರು ಎಂದು ಈ ತಂಡಕ್ಕೆ ಹೆಸರು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ತಪ್ಪಿಸುವುದೇ ಇಲ್ಲ. ಇದರ ಬಿಲ್ಡ್ ಯಂತ್ರಗಳು, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಯಂತ್ರಗಳು, ಇದ್ದದ್ದು ಯಾವುದೋ ದೊಡ್ಡ ಡೇಟಾ ಸೆಂಟರಿನಲ್ಲಿ ಅಲ್ಲ, ಕ್ಯಾಲ್ಗರಿಯಲ್ಲಿ ಥಿಯೊನ ಮನೆಯ ಬೇಸ್‌ಮೆಂಟಿನಲ್ಲಿ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವ ಊರು ಅದು. ಮನೆ ಬೆಚ್ಚಗಿತ್ತು ಅನ್ನುವುದೊಂದೇ ಲಾಭ ಇರಬೇಕು.

ರ‍್ಯಾಕಿನಲ್ಲಿ ಏನಿತ್ತು ಅನ್ನುವುದೇ ಇಲ್ಲಿ ಮುಖ್ಯ. 2014ರ ಹೊತ್ತಿಗೆ ಓಪನ್‌ಬಿಎಸ್‌ಡಿ ಸುಮಾರು 20 ಬಗೆಯ ಯಂತ್ರಗಳ ಮೇಲೆ ಓಡುತ್ತಿತ್ತು. ನಮ್ಮ ನಿಮ್ಮ ಮೇಜಿನ ಮೇಲಿರುವ ಇಂಟೆಲ್, ಎಎಂಡಿ ಇದ್ದೇ ಇದ್ದವು. ಜೊತೆಗೆ ಸನ್ ಕಂಪನಿಯ ಸ್ಪಾರ್ಕ್, ಎಚ್‌ಪಿಯ ಪಿಎ-ರಿಸ್ಕ್, ಡಿಜಿಟಲ್ ಕಂಪನಿಯ ಆಲ್ಫಾ, ಎಸ್‌ಜಿಐಯ ಮಿಪ್ಸ್ ಯಂತ್ರ, ಅಂಗೈಯಗಲದ ಶಾರ್ಪ್ ಜೌರಸ್. ಎಲ್ಲಕ್ಕಿಂತ ಹಿರಿಯ ವ್ಯಾಕ್ಸ್. ಅದು 1977ರಲ್ಲಿ ಶುರುವಾದ ವಂಶ. ಇವುಗಳಲ್ಲಿ ಬಹಳಷ್ಟು ದಾನವಾಗಿ ಬಂದವು. ಯಾವುದೋ ಕಂಪನಿ ಬೇಡ ಎಂದು ಬಿಟ್ಟದ್ದು, ಯಾರೋ ಗ್ಯಾರೇಜಿನಿಂದ ಎತ್ತಿ ಕೊಟ್ಟದ್ದು.

ಜೊತೆಗೆ ಇವರದ್ದೊಂದು ಹಠ. ವ್ಯಾಕ್ಸ್‌ಗೆ ಬೇಕಾದ ಓಪನ್‌ಬಿಎಸ್‌ಡಿಯನ್ನು ವ್ಯಾಕ್ಸ್ ಮೇಲೇ ಕಟ್ಟಬೇಕು. ವೇಗದ ಇಂಟೆಲ್ ಯಂತ್ರದಲ್ಲಿ ಕುಳಿತು ವ್ಯಾಕ್ಸ್‌ಗಾಗಿ ಕಂಪೈಲ್ ಮಾಡಿಕೊಡುವ, ಅಂದರೆ ಕೋಡನ್ನು ಆ ಯಂತ್ರದ ಭಾಷೆಗೆ ಇಳಿಸಿಕೊಡುವ ವಿದ್ಯೆ ಇದೆ, ಬೇರೆಯವರು ಅದನ್ನೇ ಮಾಡುತ್ತಾರೆ. ಇವರು ಒಪ್ಪುವುದಿಲ್ಲ. ಒಂದು ಯಂತ್ರ ತನ್ನನ್ನು ತಾನೇ ಪೂರ್ತಿ ಕಟ್ಟಿಕೊಂಡಿತು ಅಂದರೆ ಕಂಪೈಲರ್, ಡಿಸ್ಕ್, ಮೆಮೊರಿ, ನೆಟ್‌ವರ್ಕ್ ಎಲ್ಲವೂ ಒಂದು ಸುತ್ತು ಪರೀಕ್ಷೆಗೆ ಒಳಗಾಯಿತು ಎಂದೇ ಲೆಕ್ಕ. ಹಾಗಾಗಿ ಇಲ್ಲಿ ಬಿಲ್ಡ್ ಯಂತ್ರ, ಟೆಸ್ಟ್ ಯಂತ್ರ ಎಂದು ಎರಡಿಲ್ಲ. ಹಳೇ ಯಂತ್ರಗಳಲ್ಲಿ ಈ ಕೆಲಸ ಗಂಟೆಗಳಲ್ಲಿ ಮುಗಿಯುವುದಿಲ್ಲ, ದಿನಗಟ್ಟಲೆ ಹಿಡಿಯುತ್ತದೆ. ಅಷ್ಟೂ ಹೊತ್ತು ಕರೆಂಟು ಓಡುತ್ತಿರುತ್ತದೆ.

ಬಿಲ್ಲು ಬಂತು

2013ರ ಡಿಸೆಂಬರಿನಲ್ಲಿ ಥಿಯೊ ಬಹಿರಂಗವಾಗಿ ಒಂದು ಮನವಿ ಮಾಡಿದ. ನಮ್ಮ ಯಂತ್ರಗಳು ತುಂಬಾ ಕರೆಂಟು ತಿನ್ನುತ್ತವೆ, ಕೆನಡಾದ ಯಾವುದಾದರೂ ಕಂಪನಿ ಈ ಖರ್ಚನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬಹುದೇ ಎಂದು. ಜೊತೆಗೇ ಇನ್ನೊಂದು ಮಾತು ಸೇರಿಸಿದ: ಬೇರೆ ಕಡೆ ಜಾಗವೂ ಕರೆಂಟೂ ಪುಕ್ಕಟೆ ಸಿಗಬಹುದು, ಆದರೆ ಕೆಲವು ಕಾರಣಗಳಿಂದ ಯಂತ್ರಗಳನ್ನು ಸಾಗಿಸಲು ಆಗುವುದಿಲ್ಲ, ದಯವಿಟ್ಟು ಮಾತನ್ನು ಆ ಕಡೆ ಎಳೆಯಬೇಡಿ.

ಯಾರೂ ಮುಂದೆ ಬರಲಿಲ್ಲ. 2014ರ ಜನವರಿ ಮಧ್ಯದಲ್ಲಿ ಬಾಬ್ ಬೆಕ್ ಇನ್ನೊಂದು ಪತ್ರ ಹಾಕಿದ. ಈತ ಓಪನ್‌ಬಿಎಸ್‌ಡಿ ಫೌಂಡೇಶನ್‌ನ ಪರವಾಗಿ ಮಾತಾಡುತ್ತಿದ್ದವನು. ಹಣದ ವ್ಯವಹಾರಕ್ಕೆಂದು 2007ರಲ್ಲಿ ಕೆನಡಾದಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಈ ಸಲ ಸುತ್ತಿಬಳಸಿ ಹೇಳಲಿಲ್ಲ. ದೀಪ ಉರಿಸುವಷ್ಟು ಹಣ ಬರದಿದ್ದರೆ ಓಪನ್‌ಬಿಎಸ್‌ಡಿ ಬಾಗಿಲು ಹಾಕುತ್ತದೆ ಎಂದ. ಬೇಕಾಗಿದ್ದದ್ದು ವರ್ಷದ ಕರೆಂಟಿಗೆ ಸುಮಾರು 20,000 ಡಾಲರ್.

ಸಾಫ್ಟ್‌ವೇರ್ ಲೋಕದಲ್ಲಿ 20,000 ಡಾಲರ್ ಅಂದರೆ ಏನೂ ಅಲ್ಲ. ಒಬ್ಬ ಎಂಜಿನಿಯರಿಗೆ ಕೆಲವೇ ತಿಂಗಳ ಸಂಬಳ. ಕರೆಂಟಿನ ಲೆಕ್ಕದಲ್ಲಿ ನೋಡಿದರೆ ಚಿತ್ರ ಬೇರೆ. ಸುಮ್ಮನೆ ಅಂದಾಜಿಗೆ ಯೂನಿಟ್‌ಗೆ 15 ಸೆಂಟ್ ಹಿಡಿಯೋಣ. ಆ ದುಡ್ಡಿಗೆ ಸುಮಾರು 1,33,000 ಯೂನಿಟ್ ಬರುತ್ತದೆ. ಅಂದರೆ ತಿಂಗಳಿಗೆ 11,000 ಚಿಲ್ಲರೆ. ನಮ್ಮ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್ ಅಲ್ವಾ? ಆ ಮಿತಿಯನ್ನು ಪೂರ್ತಿ ಬಳಸುವ 55 ಮನೆಗಳಿಗೆ ಸಾಲುವ ಕರೆಂಟು ಒಂದು ಬೇಸ್‌ಮೆಂಟಿನಲ್ಲಿ.

ಇದೇ ಲೆಕ್ಕವನ್ನು ಒಂದೇ ಯಂತ್ರಕ್ಕೆ ಇಳಿಸಿ ನೋಡಿ. ಹಳೇ ಸರ್ವರ್ ಒಂದು 300 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: 216 ಯೂನಿಟ್. ಫ್ರಿಜ್ಜು, ಮಿಕ್ಸಿ, ಫ್ಯಾನು, ಟಿವಿ ಇರುವ ಒಂದು ಮನೆ ಗೃಹಜ್ಯೋತಿಯ ಮಿತಿಯಲ್ಲಿ ಆರಾಮಾಗಿ ಬಾಳುತ್ತದೆ. ಈ ಡಬ್ಬ ಒಂಟಿಯಾಗಿ ಆ ಮಿತಿ ದಾಟುತ್ತದೆ. ಅದನ್ನು ತಂಪು ಮಾಡುವ ಎಸಿಯ ಕರೆಂಟು ಬೇರೆ. ಆನೆಯನ್ನು ಉಡುಗೊರೆ ಕೊಟ್ಟವರು ಕಬ್ಬಿನ ಗದ್ದೆ ಬರೆದುಕೊಡದಿದ್ದರೆ ಆಗುವುದು ಇದೇ.

ಅಷ್ಟು ಹಳೇ ಯಂತ್ರ ಯಾಕೆ ಬೇಕು?

ಜನ ಕೇಳಿದ್ದು ಇದನ್ನೇ. ವ್ಯಾಕ್ಸ್ ಯಾರು ಬಳಸುತ್ತಾರೆ? ಬಿಸಾಕಿ. ಅರ್ಧ ಬಿಲ್ಲು ಇಳಿಯುತ್ತದೆ. ಅಥವಾ ಎಮ್ಯುಲೇಟರ್ ಹಾಕಿಕೊಳ್ಳಿ, ಒಂದೇ ಹೊಸ ಸರ್ವರಿನೊಳಗೆ ಇಪ್ಪತ್ತೂ ಯಂತ್ರಗಳ ವೇಷ ಹಾಕಿಸಬಹುದು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಅಷ್ಟು ಸಲೀಸಲ್ಲ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಕಂಪ್ಯೂಟರ್ 1 ಎಂಬ ಸಂಖ್ಯೆಯನ್ನು ನಾಲ್ಕು ಬೈಟಿನ ಜಾಗದಲ್ಲಿ ಇಡಬೇಕು. ಇಂಟೆಲ್ ಯಂತ್ರ ಚಿಕ್ಕ ತುದಿಯಿಂದ ಇಡುತ್ತದೆ: 01 00 00 00. ಸನ್ ಕಂಪನಿಯ ಸ್ಪಾರ್ಕ್ ದೊಡ್ಡ ತುದಿಯಿಂದ: 00 00 00 01. ವಿಳಾಸ ಬರೆಯುವಾಗ ಕೆಲವರು ಮನೆ ನಂಬರಿನಿಂದ ಶುರು ಮಾಡಿ ಊರಿಗೆ ಬರುತ್ತಾರೆ, ಕೆಲವರು ಊರಿನಿಂದ ಶುರು ಮಾಡಿ ಮನೆಗೆ ಬರುತ್ತಾರೆ, ಹಾಗೆ. ಈಗ ಪ್ರೋಗ್ರಾಂ ಬರೆದವನು ಒಂದು ತಪ್ಪು ಮಾಡಿದ. ನಾಲ್ಕು ಬೈಟು ಓದಬೇಕಾದ ಕಡೆ ಮೊದಲನೆಯದನ್ನು ಮಾತ್ರ ಓದಿದ. ಇಂಟೆಲ್‌ನಲ್ಲಿ ಅವನಿಗೆ 1 ಸಿಗುತ್ತದೆ. ಅದೃಷ್ಟ. ಎಲ್ಲಾ ಸರಿಯಾಗಿದೆ ಎಂದು ಮನೆಗೆ ಹೋಗುತ್ತಾನೆ. ಯಾವತ್ತೋ ಒಂದು ದಿನ ಆ ಸಂಖ್ಯೆ 255 (ಒಂದು ಬೈಟಿನಲ್ಲಿ ಹಿಡಿಯುವ ಗರಿಷ್ಠ) ದಾಟಿದಾಗ ಗಿರಾಕಿಯ ಮನೆಯಲ್ಲಿ ಎಡವಟ್ಟಾಗುತ್ತದೆ. ಸ್ಪಾರ್ಕ್‌ನಲ್ಲಿ ಅದೇ ಪ್ರೋಗ್ರಾಂಗೆ ಮೊದಲ ದಿನವೇ 0 ಸಿಗುತ್ತದೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ತಪ್ಪು ಇದ್ದದ್ದು ಸ್ಪಾರ್ಕ್‌ನಲ್ಲಿ ಅಲ್ಲ, ಎಲ್ಲರ ಕೋಡಿನಲ್ಲಿ. ತೋರಿಸಿದ್ದು ಮಾತ್ರ ಸ್ಪಾರ್ಕ್.

ಇನ್ನೊಂದು ವಿಷಯವೂ ಇದೆ. ಎಂಟು ಬೈಟಿನ ಸಂಖ್ಯೆಯನ್ನು ಮೆಮೊರಿಯಲ್ಲಿ ಎಂಟರ ಗಡಿಯಲ್ಲೇ ಇಡಬೇಕು ಎಂಬ ನಿಯಮ. ಇಂಟೆಲ್ ಚಿಪ್ಪು ಸಂಕೋಚದ ಮನುಷ್ಯ ಇದ್ದ ಹಾಗೆ. ಗಡಿ ತಪ್ಪಿಸಿ ಕೊಟ್ಟರೂ ಮುಖ ಮುರಿಯದೆ ಓದಿಕೊಳ್ಳುತ್ತದೆ. ಸ್ಪಾರ್ಕ್ ಹಳೇ ಕಾಲದ ಹೆಡ್‌ಮೇಷ್ಟ್ರು. ಗೆರೆ ಬಿಟ್ಟು ಬರೆದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಿ ಹೊರಗೆ ಕಳಿಸುತ್ತದೆ. ಪಿಎ-ರಿಸ್ಕ್ ಯಂತ್ರದ್ದು ಇನ್ನೂ ವಿಚಿತ್ರ. ಪ್ರೋಗ್ರಾಂ ತನ್ನ ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಸ್ಟ್ಯಾಕ್ ಎಂಬ ಜಾಗ ಬೇರೆ ಯಂತ್ರಗಳಲ್ಲಿ ಕೆಳಮುಖವಾಗಿ ಬೆಳೆದರೆ ಇದರಲ್ಲಿ ಮೇಲ್ಮುಖ. ಅಳತೆ ಮೀರಿ ಬರೆಯುವ ಕೋಡು ಬೇರೆ ಕಡೆ ಸದ್ದಿಲ್ಲದೆ ಬಚಾವಾದರೆ, ಇಲ್ಲಿ ಇನ್ಯಾವುದನ್ನೋ ತುಳಿದು ಸದ್ದು ಮಾಡುತ್ತದೆ.

ಆ ಹೊತ್ತಿನಲ್ಲಿ ಈ ಯಂತ್ರಗಳ ಮೇಲೆ ಏನು ಕೆಲಸ ನಡೆಯುತ್ತಿತ್ತು ಗೊತ್ತಾ? 2038ರ ತೊಂದರೆ ಬಿಡಿಸುತ್ತಿದ್ದರು. ಯೂನಿಕ್ಸ್ ಜಾತಿಯ ಯಂತ್ರಗಳು ಕಾಲವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್ ಜಾಗದಲ್ಲಿ ಹಿಡಿಯುವುದು 2,147,483,647 ಸೆಕೆಂಡು ಮಾತ್ರ. 2038ರ ಜನವರಿ 19ಕ್ಕೆ ಆ ಲೆಕ್ಕ ತುಂಬಿ ತುಳುಕುತ್ತದೆ, ಗಡಿಯಾರ 1901ಕ್ಕೆ ಹಾರುತ್ತದೆ. ಪರಿಹಾರ ಹೇಳುವುದು ಸುಲಭ: 64 ಬಿಟ್ ಜಾಗ ಕೊಡಿ. ಮಾಡುವುದು ಕಷ್ಟ. ಏಕೆಂದರೆ ಕಾಲ ಎಂಬುದು ಫೈಲು, ನೆಟ್‌ವರ್ಕು, ಲಾಗಿನ್ ದಾಖಲೆ ಹೀಗೆ ನೂರೆಂಟು ಕಡೆ ಸೇರಿಕೊಂಡಿರುತ್ತದೆ. ನಾಲ್ಕು ಬೈಟು ಎಂಟಾದ ಕೂಡಲೇ ಪಕ್ಕದಲ್ಲಿದ್ದದ್ದೆಲ್ಲ ಸರಿಯುತ್ತದೆ. ಎಲ್ಲೆಲ್ಲಿ ಸರಿಯಿತು, ಎಲ್ಲೆಲ್ಲಿ ಗಡಿ ತಪ್ಪಿತು ಎಂದು ಆ ಹೆಡ್‌ಮೇಷ್ಟ್ರ ಕೈಯಲ್ಲಿ ಹೇಳಿಸಬೇಕಲ್ಲ. 2014ರ ಮೇ 1ರಂದು ಬಂದ ಓಪನ್‌ಬಿಎಸ್‌ಡಿ 5.5ರಲ್ಲಿ ವ್ಯಾಕ್ಸ್ ಸಮೇತ ಎಲ್ಲ ಯಂತ್ರಗಳಿಗೂ 64 ಬಿಟ್ ಕಾಲ ಬಂತು. 32 ಬಿಟ್ ಯಂತ್ರಗಳಲ್ಲಿ ಲಿನಕ್ಸ್ ಕರ್ನಲ್ (ಸಿಸ್ಟಮಿನ ತಿರುಳು) ಈ ಕೆಲಸ ಮುಗಿಸಿದ್ದು 2020ರಲ್ಲಿ.

ಇನ್ನು ಎಮ್ಯುಲೇಟರ್. ಅದು ಕೆಟ್ಟದ್ದಲ್ಲ, ನಾನೂ ದಿನಾ ಬಳಸುತ್ತೇನೆ. ಆದರೆ ಎಮ್ಯುಲೇಟರ್ ಬರೆದವನೂ ಆಪರೇಟಿಂಗ್ ಸಿಸ್ಟಮ್ ಬರೆದವನೂ ಒಂದೇ ಕೈಪಿಡಿ ಓದಿ ಒಂದೇ ರೀತಿ ತಪ್ಪು ತಿಳಿದುಕೊಂಡಿದ್ದರೆ ಇಬ್ಬರದ್ದೂ ಸರಿಯಾಗೇ ಕಾಣುತ್ತದೆ. ನಿಜವಾದ ಚಿಪ್ಪಿಗೆ ಆ ದಾಕ್ಷಿಣ್ಯ ಇಲ್ಲ.

ಪುಕ್ಕಟೆ ಜಾಗ ಯಾಕೆ ಬೇಡ ಅಂದರು

ಡೇಟಾ ಸೆಂಟರಿನಲ್ಲಿ ಬಿಟ್ಟಿ ಜಾಗ ಸಿಗುವಾಗ ಬೇಡ ಅನ್ನುವುದು ಹೊರಗಿನವರಿಗೆ ಕೊಬ್ಬು ಎಂದೇ ಕಂಡಿತು. ಥಿಯೊ ಕಾರಣಗಳನ್ನು ಬಿಡಿಸಿ ಹೇಳಲಿಲ್ಲ, ಚರ್ಚೆಯೇ ಬೇಡ ಎಂದ. ಇದು ಅವನ ಸ್ವಭಾವ. ಹಣ ಕೇಳುವವರು ಹೀಗೆ ಬಾಗಿಲು ಮುಚ್ಚಿ ಮಾತಾಡಬಾರದು ಎಂದು ನನಗನ್ನಿಸುತ್ತದೆ. ಕೊಡುವವನಿಗೆ ಕೇಳುವ ಹಕ್ಕಿದೆ. ಆದರೂ ಯಂತ್ರಗಳನ್ನು ನೋಡಿಕೊಂಡ ಅನುಭವ ಇರುವ ಯಾರಿಗೇ ಆದರೂ ಕಾರಣ ಊಹಿಸುವುದು ಕಷ್ಟವಲ್ಲ.

ಮೊದಲನೆಯದು ಕೈ. ಕರ್ನಲ್ ಬರೆಯುವವರು ಯಂತ್ರವನ್ನು ದಿನಕ್ಕೆ ಹತ್ತು ಸಲ ಬೀಳಿಸುತ್ತಾರೆ. ಬಿದ್ದ ಇಂಟೆಲ್ ಸರ್ವರನ್ನು ದೂರದಿಂದ ಎಬ್ಬಿಸಬಹುದು. 1990ರ ದಶಕದ ಯಂತ್ರ ಬಿದ್ದರೆ ಯಾರಾದರೂ ಎದ್ದು ಹೋಗಿ ಗುಂಡಿ ಒತ್ತಬೇಕು, ಸೀರಿಯಲ್ ಕೇಬಲ್ ಅಲುಗಾಡಿಸಬೇಕು, ಕೆಲವು ಸಲ ಡಿಸ್ಕಿಗೆ ಒಂದು ಮೆಲ್ಲನೆ ತಟ್ಟಬೇಕು. ಡೇಟಾ ಸೆಂಟರಿನ ಸಿಬ್ಬಂದಿ ಇದಕ್ಕೆಲ್ಲ ಚೀಟಿ ಬರೆಸಿಕೊಂಡು ನಾಳೆ ಬರುತ್ತಾರೆ. ಜೌರಸ್‌ನಂಥ ಅಂಗೈ ಯಂತ್ರವನ್ನು ಯಾವ ರ‍್ಯಾಕಿಗೆ ಸಿಗಿಸುತ್ತೀರಿ?

ಎರಡನೆಯದು ನಂಬಿಕೆ, ಇದೇ ದೊಡ್ಡದು. ಟೆಸ್ಟ್ ಯಂತ್ರ ಯಾರ ಮನೆಯಲ್ಲಿದ್ದರೂ ನಡೆಯುತ್ತದೆ. ಲಾಗಿನ್ ಕೊಟ್ಟರೆ ಸಾಕು, ಹಾಳಾದರೆ ಒರೆಸಿ ಮತ್ತೆ ಹಾಕಿದರಾಯಿತು. ಬಿಲ್ಡ್ ಯಂತ್ರ ಹಾಗಲ್ಲ. ಅದರಿಂದ ಹೊರಬಂದ ಫೈಲನ್ನು ಲಕ್ಷಾಂತರ ಜನ ಕಣ್ಣು ಮುಚ್ಚಿ ತಮ್ಮ ಯಂತ್ರಕ್ಕೆ ಹಾಕಿಕೊಳ್ಳುತ್ತಾರೆ. ಬಾವಿ ಯಾರ ಅಂಗಳದಲ್ಲಿದೆ, ರಾತ್ರಿ ಹೊತ್ತು ಯಾರು ಹತ್ತಿರ ಬರುತ್ತಾರೆ ಎಂದು ಗೊತ್ತಿರಬೇಕು. ಇದು ಬರೀ ಹೆದರಿಕೆಯಲ್ಲ. ಇದಕ್ಕೆ ಒಂದು ವರ್ಷ ಮುಂಚೆ, 2012ರ ನವೆಂಬರಿನಲ್ಲಿ, ದಾಯಾದಿ ಯೋಜನೆಯಾದ ಫ್ರೀಬಿಎಸ್‌ಡಿಯ ಎರಡು ಯಂತ್ರಗಳಿಗೆ ಕಳ್ಳರು ನುಗ್ಗಿದ್ದು ಪತ್ತೆಯಾಗಿತ್ತು. ಒಬ್ಬ ಡೆವಲಪರನ ಲಾಗಿನ್ ಕೀ ಕದ್ದು ಒಳಗೆ ಬಂದಿದ್ದರು. ಪ್ಯಾಕೇಜು ಕಟ್ಟುವ ಕೆಲಸಕ್ಕೆ ಸೇರಿದ ಯಂತ್ರಗಳು ಅವು. ಪ್ಯಾಕೇಜುಗಳಲ್ಲಿ ಏನೂ ಬೆರೆಸಿದ್ದು ಕಂಡುಬರಲಿಲ್ಲ. ಆದರೂ ಅನುಮಾನದ ಅವಧಿಯದ್ದನ್ನೆಲ್ಲ ತೆಗೆದುಹಾಕಿ ಮತ್ತೆ ಕಟ್ಟಬೇಕಾಯಿತು.

ಮೂರನೆಯದು ಹಳೇ ಗಾಯ ಇರಬಹುದು. 2003ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದಿಂದ ಸುಮಾರು 20 ಲಕ್ಷ ಡಾಲರ್‌ಗಳ ಅನುದಾನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂಲಕ ಬರುತ್ತಿತ್ತು. ಥಿಯೊ ಒಂದು ಪತ್ರಿಕೆಯ ಜೊತೆ ಮಾತಾಡುತ್ತಾ ಇರಾಕ್ ಯುದ್ಧವನ್ನು ಟೀಕಿಸಿದ. ಕೆಲವೇ ದಿನಗಳಲ್ಲಿ ದುಡ್ಡು ನಿಂತಿತು. ಒಬ್ಬರ ಹಂಗಿನಲ್ಲಿ ಇರುವುದು ಎಂದರೇನು ಎಂದು ಆಮೇಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಂತ ಒಂದೇ ಮನೆಯ ಬೇಸ್‌ಮೆಂಟನ್ನು ನಾನು ಸಮರ್ಥಿಸುತ್ತಿಲ್ಲ. 2013ರ ಜೂನ್‌ನಲ್ಲಿ ಕ್ಯಾಲ್ಗರಿಯಲ್ಲಿ ಭಾರೀ ನೆರೆ ಬಂದಿತ್ತು. ಊರಿನ ನಡುವಿನ ಎಷ್ಟೋ ಕಟ್ಟಡಗಳ ನೆಲಮಾಳಿಗೆಗೆ ನೀರು ತುಂಬಿತ್ತು. ಅಂಥ ಊರಿನಲ್ಲಿ, ನೆಲದ ಕೆಳಗೆ, ಎಲ್ಲ ಮೊಟ್ಟೆಯೂ ಒಂದೇ ಕಡೆ. ಬಿಲ್ಲಿನ ಗಲಾಟೆಯಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ.

ದುಡ್ಡು ಬಂದ ರೀತಿ

ಬೆಕ್‌ನ ಪತ್ರ ಹೊರಬಿದ್ದ ಒಂದೇ ವಾರದೊಳಗೆ ಪರಿಸ್ಥಿತಿ ತಿರುಗಿತು. ರುಮೇನಿಯಾದ ಮಿರ್ಚಾ ಪೊಪೆಸ್ಕು ಎಂಬ ಬಿಟ್‌ಕಾಯಿನ್ ವ್ಯಾಪಾರಿ 20,000 ಡಾಲರ್ ಬೆಲೆಯ ಬಿಟ್‌ಕಾಯಿನ್ ಒಂದೇ ಏಟಿಗೆ ಕೊಟ್ಟ. ಐದು ಡಾಲರ್, ಹತ್ತು ಡಾಲರ್ ಕೊಟ್ಟ ಬಿಡಿ ಜನರೂ ಸಾಲುಗಟ್ಟಿದರು. ಫೌಂಡೇಶನ್ ಆ ವರ್ಷಕ್ಕೆ 1,50,000 ಡಾಲರ್ ಗುರಿ ಇಟ್ಟುಕೊಂಡಿತು, ಅದೂ ದಾಟಿತು.

ನನಗೆ ಬೇಜಾರಾಗುವುದು ಇಲ್ಲೇ. ಓಪನ್‌ಎಸ್‌ಎಸ್‌ಎಚ್ ಹಾಕಿಕೊಂಡು ರೂಟರು, ಸ್ವಿಚ್ಚು, ಸರ್ವರು ಮಾರಿ ಕೋಟಿಗಟ್ಟಲೆ ಎಣಿಸಿದ ದೊಡ್ಡ ಕಂಪನಿಗಳು ಡಿಸೆಂಬರಿನ ಮರ್ಯಾದೆಯ ಪತ್ರಕ್ಕೆ ಓಗೊಡಲಿಲ್ಲ. ಬಾಗಿಲು ಹಾಕುತ್ತೇವೆ ಎಂದು ಬೊಬ್ಬೆ ಹೊಡೆದ ಮೇಲೆ ಜನ ಬಂದರು. ಇದು ಮೊದಲ ಸಲವೂ ಅಲ್ಲ. 2006ರಲ್ಲೂ ಹೀಗೇ ಕೈ ಖಾಲಿಯಾಗಿ ಮೊಜಿಲ್ಲಾ ಫೌಂಡೇಶನ್ 10,000 ಡಾಲರ್ ಕೊಟ್ಟಿತ್ತು. ಯಂತ್ರ ಕೊಡುವವರಿಗೆ ಒಂದು ಫೋಟೊ ಸಿಗುತ್ತದೆ. ಕರೆಂಟ್ ಬಿಲ್ಲು ಕಟ್ಟುವವರಿಗೆ ರಸೀದಿ ಬಿಟ್ಟರೆ ಏನೂ ಸಿಗುವುದಿಲ್ಲ.

ಕಥೆಗೆ ಒಂದು ಬಾಲ ಇದೆ. ಮೂರೇ ತಿಂಗಳಿಗೆ, 2014ರ ಏಪ್ರಿಲ್ 7ರಂದು, ಓಪನ್‌ಎಸ್‌ಎಸ್‌ಎಲ್ ಎಂಬ ಬೇರೊಂದು ಯೋಜನೆಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ವೆಬ್‌ಸೈಟುಗಳ ಮಾತುಕತೆಯನ್ನು ಗುಟ್ಟಾಗಿಡುವ ಆ ಯೋಜನೆ ಅರ್ಧ ಇಂಟರ್‌ನೆಟ್ಟಿನ ಬೀಗ. ಅವರಿಗೆ ವರ್ಷಕ್ಕೆ ದಾನವಾಗಿ ಬರುತ್ತಿದ್ದದ್ದು ಸುಮಾರು 2,000 ಡಾಲರ್ ಎಂದು ಆಗ ಜನರಿಗೆ ಗೊತ್ತಾಯಿತು. ಓಪನ್‌ಬಿಎಸ್‌ಡಿ ಮಂದಿ ಅದರ ಕೋಡು ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂಬ ಬೇರೆ ಕವಲು ಮಾಡಿ ಗುಡಿಸಲು ಶುರು ಮಾಡಿದರು. ಗುಡಿಸಿ ಬಿಸಾಕಿದ ಕಸದಲ್ಲಿ ವಿಎಂಎಸ್‌ಗೆ ಬರೆದ ಕೋಡೂ ಇತ್ತು. ವಿಎಂಎಸ್ ಅಂದರೆ ವ್ಯಾಕ್ಸ್ ಯಂತ್ರದ ಮೂಲ ಆಪರೇಟಿಂಗ್ ಸಿಸ್ಟಮ್! ಬೇಸ್‌ಮೆಂಟಿನಲ್ಲಿ ವ್ಯಾಕ್ಸ್ ಸಾಕುವವರೇ ಇದನ್ನು ಕಿತ್ತು ಹಾಕಿದರಲ್ಲ ಎಂದು ನಗು ಬರಬಹುದು. ಯೋಚಿಸಿದರೆ ಅವರ ಲೆಕ್ಕ ಒಂದೇ ಆಗಿತ್ತು. ಎದುರಿಗೆ ಯಂತ್ರ ಇದ್ದು ದಿನಾ ಓಡಿಸಿ ನೋಡುವ ಕೋಡನ್ನು ಉಳಿಸಿಕೊಂಡರು. ತಮ್ಮಲ್ಲಿ ಯಾರೂ ಓಡಿಸಿ ನೋಡದ ಕೋಡನ್ನು ತೆಗೆದರು.

2015ರಲ್ಲಿ ಮೈಕ್ರೋಸಾಫ್ಟ್ ಓಪನ್‌ಬಿಎಸ್‌ಡಿ ಫೌಂಡೇಶನ್ನಿನ ಆ ವರ್ಷದ ದೇಣಿಗೆ ಅಭಿಯಾನಕ್ಕೆ ಮೊದಲ 'ಗೋಲ್ಡ್' ದರ್ಜೆಯ ದಾನಿಯಾಯಿತು. ವಿಂಡೋಸಿಗೆ ಓಪನ್‌ಎಸ್‌ಎಸ್‌ಎಚ್ ತರುವ ಕೆಲಸ ಆಗ ಶುರುವಾಗಿತ್ತು.

ದುಡ್ಡು ಬಂದ ಮೇಲೂ ಹಳೇ ಯಂತ್ರಗಳು ಉಳಿದವಾ? ಎಲ್ಲವೂ ಅಲ್ಲ. ಎಚ್‌ಪಿ 300 ಮತ್ತು ಮೊಟೊರೊಲಾದ ಹಳೇ 68ಕೆ ಬೋರ್ಡುಗಳಿಗೆ ಅದೇ 5.5 ಕೊನೆಯ ಆವೃತ್ತಿ. ವ್ಯಾಕ್ಸ್ ಮತ್ತು 32 ಬಿಟ್ ಸ್ಪಾರ್ಕ್ 2016ರ 5.9ಕ್ಕೆ ನಿಂತವು. ಎಸ್‌ಜಿಐ 2021ರವರೆಗೆ ಎಳೆಯಿತು. ಬಿಲ್ಲು ಕಟ್ಟಲಾಗದೆ ಹೋದದ್ದಲ್ಲ. ಕೆಟ್ಟ ಬಿಡಿಭಾಗಕ್ಕೆ ಬದಲಿ ಸಿಗದು, ಹೊಸ ಕಂಪೈಲರುಗಳು ಈ ಚಿಪ್ಪುಗಳನ್ನು ಮರೆತಿವೆ, ಕೂತು ನೋಡಿಕೊಳ್ಳುವ ಮನುಷ್ಯರೂ ಕಡಿಮೆಯಾದರು. ಮನೆಯ ಹಿರಿಯರು ಹೋದ ಹಾಗೆ ಒಂದೊಂದಾಗಿ ಹೋದವು.

ಬೇರೆಯವರ ಜಗಲಿಯಲ್ಲಿ ಕೂತವರು

ಇದಕ್ಕೆ ಎದುರು ದಾರಿ ಹಿಡಿದವರನ್ನೂ ನೋಡಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್, ಲಿನಕ್ಸ್ ಡೆಸ್ಕ್‌ಟಾಪಿನ ತಂತ್ರಾಂಶಗಳಿಗೆ ನೆಲೆ ಕೊಡುವ ಫ್ರೀಡೆಸ್ಕ್‌ಟಾಪ್ ಇವರೆಲ್ಲ ಮನೆಯಲ್ಲಿ ರ‍್ಯಾಕ್ ಇಟ್ಟುಕೊಳ್ಳಲಿಲ್ಲ. ಈಕ್ವಿನಿಕ್ಸ್ ಮೆಟಲ್ ಎಂಬ ಸೇವೆ ಬಿಲ್ಡ್ ಮತ್ತು ಟೆಸ್ಟ್ ಯಂತ್ರಗಳನ್ನು ಪುಕ್ಕಟೆ ಕೊಟ್ಟಿತ್ತು. ಯಂತ್ರ, ಜಾಗ, ಕರೆಂಟು, ಕೈ ಎಲ್ಲಾ ಅವರದ್ದೇ. ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ಕಂಪನಿ ಆ ವ್ಯಾಪಾರವನ್ನೇ ಮುಚ್ಚಲು ತೀರ್ಮಾನಿಸಿತು. 2025ರ ಜನವರಿಯಲ್ಲಿ ಎರಡೂ ಯೋಜನೆಗಳು ಹೊಸ ಜಾಗ ಹುಡುಕಿಕೊಂಡು ಬೀದಿಗೆ ಬಂದವು. ಫ್ರೀಡೆಸ್ಕ್‌ಟಾಪ್ ಮಾರ್ಚಿನಲ್ಲಿ ಜರ್ಮನಿಯ ಹೆಟ್ಸ್‌ನರ್‌ಗೆ ಗಂಟುಮೂಟೆ ಕಟ್ಟಿತು, ಈಗ ಬಾಡಿಗೆ ಕಟ್ಟುತ್ತದೆ. ಕೊಟ್ಟವರ ತಪ್ಪು ಎಂದು ನಾನು ಹೇಳುವುದಿಲ್ಲ. ಅಷ್ಟು ವರ್ಷ ಕೊಟ್ಟದ್ದೇ ದೊಡ್ಡದು.

ನಡುವಿನ ದಾರಿಯೂ ಇದೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್ 2003ರಿಂದ ಇಂಥ ಯೋಜನೆಗಳ ಯಂತ್ರಗಳನ್ನು ಇಟ್ಟುಕೊಂಡು ಸಾಕುತ್ತದೆ. ವಿದ್ಯಾರ್ಥಿಗಳೇ ಅಲ್ಲಿ ಕೈ. ಐಬಿಎಂನ ಪವರ್ ಯಂತ್ರ ಬೇಕು ಎಂದವರಿಗೆ ಅಲ್ಲಿಂದ ಲಾಗಿನ್ ಸಿಗುತ್ತದೆ. ಕಂಪೈಲರ್ ಬರೆಯುವವರಿಗಾಗಿ ಹುಟ್ಟಿದ ಜಿಸಿಸಿ ಕಂಪೈಲ್ ಫಾರ್ಮ್ ಕೂಡ ಇಂಥದ್ದೇ. ಯಾರ್ಯಾರೋ ಕೊಟ್ಟ, ಎಲ್ಲೆಲ್ಲೋ ಇರುವ ಯಂತ್ರಗಳಿಗೆ ಒಂದೇ ಬಾಗಿಲು. ಯಂತ್ರ ಜಾಗ ಬಿಟ್ಟು ಕದಲುವುದಿಲ್ಲ, ಡೆವಲಪರ್ ಅಲ್ಲಿಗೆ ಹೋಗುತ್ತಾನೆ. ಟೆಸ್ಟ್ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುವುದಿಲ್ಲ. ಆದರೆ 2025ರ ಏಪ್ರಿಲ್ ಕೊನೆಯಲ್ಲಿ ಆ ಒರೆಗಾನ್ ಲ್ಯಾಬೂ 2,50,000 ಡಾಲರ್ ಸಿಗದಿದ್ದರೆ ಮುಚ್ಚಬೇಕಾಗುತ್ತದೆ ಎಂದು ಕೈ ಚಾಚಬೇಕಾಯಿತು. ಹನ್ನೊಂದು ವರ್ಷದ ಮೇಲೆ ಅದೇ ಹಾಡು, ಸ್ವರ ಮಾತ್ರ ಬೇರೆ. ಅವರಿಗೂ ಹಣ ಕೂಡಿಬಂತು.

ನಮ್ಮ ಕಡೆಯ ಒಂದು ಸುದ್ದಿ ಇಲ್ಲಿ ಹೇಳಬೇಕು. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರಿನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ನೆರವಾಗಲು ಫ್ಲಾಸ್ ಫಂಡ್ ಎಂದು ಶುರು ಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ಒಂದು ಯೋಜನೆಗೆ 10,000ದಿಂದ 1,00,000 ಡಾಲರ್. ಯಂತ್ರವಲ್ಲ, ನೇರ ದುಡ್ಡು. ಆ ಕನಿಷ್ಠ ಮೊತ್ತ ಎರಡು ಸಲ ಸಿಕ್ಕಿದ್ದರೆ ಕ್ಯಾಲ್ಗರಿಯ ಆ ಬಿಲ್ಲು ತೀರುತ್ತಿತ್ತು.

ನಮ್ಮ ಎರಡು ಸರ್ವರ್

ಹುಡುಗನಿಗೆ ಅರ್ಧ ಕಥೆ ಹೇಳಿ ಮುಗಿಸುವ ಹೊತ್ತಿಗೆ ಟೀ ಆರಿತ್ತು. "ಹಾಗಾದ್ರೆ ಕೊಡೋದೇ ಬೇಡ್ವಾ ಸರ್?" ಎಂದ. ಮೊದಲು ಮೊಳ ಹಾಕೋಣ ಬಾ ಎಂದೆ.

ಪ್ಲಗ್ಗಿಗೆ ಸಿಗಿಸುವ ವಾಟ್ ಮೀಟರ್ ತಂದು ಒಂದನ್ನು ಚಾಲೂ ಮಾಡಿದೆವು. ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗಿ, ಆಮೇಲೆ ತಣ್ಣಗಾದವು. ಏನೂ ಕೆಲಸವಿಲ್ಲದೆ ಸುಮ್ನೆ ಕೂತಾಗ 210 ವಾಟ್. ತಿಂಗಳಿಗೆ 151 ಯೂನಿಟ್, ಎರಡಕ್ಕೆ 302. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 29,000. ಎರಡನ್ನೂ ಮಾರಿದರೆ ಅದರ ಅರ್ಧವೂ ಹುಟ್ಟುವುದಿಲ್ಲ. ಒಳಗಿನ ಪ್ರೊಸೆಸರ್ ಮಾಮೂಲಿ ಇಂಟೆಲ್, ಯಾರಲ್ಲೂ ಇಲ್ಲದ್ದೇನಲ್ಲ. ಸ್ಪಾರ್ಕ್ ಆಗಿದ್ದರೆ ಮಾತು ಬೇರೆ ಇತ್ತು.

ಆದರೂ ಕೇಳಿ ನೋಡೋಣ ಎಂದು ನಾವು ದಿನಾ ಬಳಸುವ ಒಂದು ಚಿಕ್ಕ ಯೋಜನೆಯವರಿಗೆ ಹುಡುಗನೇ ಬರೆದ. ಉತ್ತರ ಮಾರನೇ ದಿನ ಬಂತು. ಥ್ಯಾಂಕ್ಸ್, ಸರ್ವರ್ ಇಡಲು ನಮಗೆ ಜಾಗ ಇಲ್ಲ. ನಿಮ್ಮ ಕಡೆ ಒಬ್ಬರು ಸಿಗುತ್ತಾರೆ, ಅವರ ಬಿಲ್ಡ್ ಯಂತ್ರಕ್ಕೆ ರ‍್ಯಾಮ್ ಸಾಲುತ್ತಿಲ್ಲ, ನಿಮ್ಮದು ಯಾವ ಜಾತಿಯದ್ದು ಹೇಳಿ. ನೋಡಿದರೆ ಹೊಂದುತ್ತಿತ್ತು. ಎಂಟು ಕಡ್ಡಿ ಬಿಚ್ಚಿ, ಒಂದೊಂದನ್ನೂ ರಾತ್ರಿಯಿಡೀ ಟೆಸ್ಟಿಗೆ ಹಾಕಿ, ಕೆಟ್ಟ ಒಂದನ್ನು ಪಕ್ಕಕ್ಕಿಟ್ಟು, ಏಳನ್ನು ಪ್ಯಾಕ್ ಮಾಡಿ ಕೊರಿಯರಿಗೆ ಕೊಟ್ಟ. ಜೊತೆಗೆ ಒಂದು ಚೀಟಿ ಬರೆದಿಟ್ಟ: ಎಷ್ಟು ವರ್ಷ ಓಡಿವೆ, ಯಾವ ಟೆಸ್ಟ್ ಮಾಡಿದ್ದೇವೆ, ಎಂಟನೆಯದು ಯಾಕೆ ಕಳಿಸಿಲ್ಲ.

ಖಾಲಿ ಡಬ್ಬಗಳನ್ನು ಇ-ತ್ಯಾಜ್ಯದವರು ಶನಿವಾರ ಬಂದು ತಕ್ಕಡಿಗೆ ಏರಿಸಿದರು.